ದೊರೆ ಮನೆ ಕಲ್ಲಿನ ಐದನೆಯ ಸಾಲು

೨೦೦೧ರ ಫೆಬ್ರವರಿ ೧೨, ಸೋಮವಾರ, ಬೆಳಿಗ್ಗೆ ೯.೪೦. ಕೂಡ್ಲಿಗಿ ಠಾಣೆಯ ರೈಟರ್, ಹೆಡ್ ಕಾನ್‌ಸ್ಟೇಬಲ್ ಸುಂಕಪ್ಪ ಇನ್ನೂ ಪೆನ್ನು ಬಿಚ್ಚಿರಲಿಲ್ಲ, ಸ್ಮಾರಕ ಸಮಿತಿಯ ಕಾರ್ಯದರ್ಶಿ ಕೊಟ್ರಬಸಪ್ಪ ಬೆವರೊರೆಸುತ್ತ ಒಳಬಂದರು. ಕೊಟ್ಟೂರು ರಸ್ತೆಯಲ್ಲಿ ಕಂಪನಿ ಸರ್ಕಾರದ ಮೊದಲ ದೊರೆಯ ಮನೆಯಿದ್ದ ಜಾಗದಲ್ಲಿ ಸಮಿತಿ ಹೋದ ವರ್ಷ ಕಲ್ಲು ನೆಡಿಸಿತ್ತು. ಮನೆ ಸುಟ್ಟು ಇನ್ನೂರು ವರ್ಷವಾಗುತ್ತ ಬಂದಿತ್ತು, ಉಳಿದಿದ್ದು ಪಾಯ ಮಾತ್ರ. ಈಗ ಆ ಕಲ್ಲನ್ನು ಯಾರೋ ಕೆಡಿಸಿದ್ದಾರೆ ಎಂಬುದು ದೂರು. ಇರುವವರ ಮನೆಗೇ ದಿಕ್ಕಿಲ್ಲ, ಇಲ್ಲದ ದೊರೆಯ ಮನೆಗೆ ಎಫ್‌ಐಆರ್ ಬೇರೆ ಎಂದು ಸುಂಕಪ್ಪನಿಗೆ ಒಳಗೊಳಗೇ ನಗು. ಆದರೂ ಸಾರ್ವಜನಿಕ ಆಸ್ತಿ ಹಾನಿ ಕಾಯ್ದೆಯಡಿ ದಾಖಲಿಸಿಕೊಂಡ.

೧೧ ಗಂಟೆಗೆ ಎಸ್‌ಐ ಹಾಲೇಶಪ್ಪನವರ ಜೊತೆ ಸ್ಥಳ ಪಂಚನಾಮೆ. ಕಲ್ಲು ಕಂಡದ್ದೇ ಸುಂಕಪ್ಪನ ನಗು ಇಂಗಿತು. ಏಳು ಸಾಲಿನ ಇಂಗ್ಲಿಷ್ ಬರಹದಲ್ಲಿ ಐದನೆಯದೊಂದೇ ಮಾಯ. ಮೇಲೆ ಕೆಳಗಿನ ಅಕ್ಷರಗಳಿಗೆ ಒಂದು ಗೀರೂ ಬಿದ್ದಿಲ್ಲ. ಅಳಿಸಿದ ಜಾಗವನ್ನು ಸಣ್ಣ ಉಳಿಯಲ್ಲಿ ಮಟ್ಟ ಮಾಡಿ, ಉಜ್ಜಿ ನಯಗೊಳಿಸಿದ್ದರು.

“ಇದು ಪುಂಡ್ರ ಕೆಲಸ ಅಲ್ರಿ ಸರ್. ಕಸುಬು ಬಲ್ಲವನ ಕೈ ಐತಿ,” ಎಂದ ಸುಂಕಪ್ಪ.

ಎದುರಿನ ಚಹಾದಂಗಡಿಯ ಜಂಬಕ್ಕನನ್ನು ವಿಚಾರಿಸಿದರು. ಭಾನುವಾರ ಮಧ್ಯಾಹ್ನ ಕಮಾಲಸಾಬ ಬಂದು ಎರಡು ತಾಸು ಉಳಿ ಹಿಡಿದಿದ್ದನಂತೆ. ಆ ಕಲ್ಲು ಕೆತ್ತಿದವನೇ ಅವನು. ರಿಪೇರಿಗೆ ಬಂದಿರಬೇಕೆಂದು ಜಂಬಕ್ಕ ಪುಗಸಟ್ಟೆ ಚಹಾ ಬೇರೆ ಕೊಟ್ಟಿದ್ದಳು.

ತಾಲ್ಲೂಕಿಗೆಲ್ಲ ಗೋರಿಕಲ್ಲು ಕೆತ್ತುವ ಕಮಾಲಸಾಬ ಅರವತ್ತು ದಾಟಿದವನು. ಸುಂಕಪ್ಪನ ಮನೆಯ ಬಾಗಿಲ ಮೇಲಿನ ಹೆಸರೂ ಅವನ ಕೈಯದೇ. ಥೂ, ಎಂಥ ನೌಕರಿಯಪ್ಪ ಇದು ಎನ್ನಿಸಿತು ಸುಂಕಪ್ಪನಿಗೆ.

೧೨.೨೦ಕ್ಕೆ ಮಸೀದಿ ಹಿಂದಿನ ಕಮಾಲಸಾಬನ ತಗಡಿನ ಶೆಡ್ಡು.

“ಐದನೇ ಸಾಲು ಯಾರು ತೆಗೆದ್ರು?” ಎಸ್‌ಐ ಕೇಳಿದರು.

“ನಾನ ತೆಗದೀನ್ರಿ.”

“ಯಾಕ?”

ಮುದುಕ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಒಳಗಿಂದ ಬಂದ ಮಗಳು ಸಲ್ಮಾ ಹೇಳಿದಳು. ಅವಳು ಶಾಲೆಯ ಟೀಚರು. ಅಪ್ಪನಿಗೆ ಇಂಗ್ಲಿಷ್ ಬಾರದು. ಸಮಿತಿಯ ಚೀಟಿ ಮುಂದಿಟ್ಟುಕೊಂಡು ಅಕ್ಷರಗಳ ಆಕಾರ ನೋಡಿ ನೋಡಿ ಕೆತ್ತಿದ್ದ. ಹತ್ತು ದಿನದ ಹಿಂದೆ ನಲವತ್ತೆರಡು ಮಕ್ಕಳನ್ನು ಕಲ್ಲಿನ ಮುಂದೆ ನಿಲ್ಲಿಸಿ ಅವಳೇ ಗಟ್ಟಿಯಾಗಿ ಓದಿ ಅರ್ಥ ಹೇಳಿದ್ದಳು: ‘ಕಮಾಲಸಾಬನೆಂಬ ಆಳು ದರೋಡೆಕೋರರಿಗೆ ಬಾಗಿಲು ತೆಗೆದು ಒಡೆಯನಿಗೆ ದ್ರೋಹ ಬಗೆದನು.’ ಆ ಆಳು ಅವರದೇ ವಂಶದ ಹಿರಿಯ. ತಲೆತಲಾಂತರ ಮೊಮ್ಮಕ್ಕಳಿಗೆ ಅದೇ ಹೆಸರಿಡುತ್ತ ಬಂದ ಮನೆ ಅದು. ಬೆಂಕಿಯಿಂದ ದೊರೆಯ ಕೂಸನ್ನು ಎತ್ತಿ ತಂದವನು ಅವನೆಂದು ಮನೆಯಲ್ಲಿ ಹೇಳುತ್ತಿದ್ದರು. ಮಕ್ಕಳಲ್ಲೊಂದು ಕೇಳಿತು, ಟೀಚರ್, ಇದು ನಿಮ್ಮಪ್ಪಾರ ಹೆಸರಲ್ಲೇನ್ರಿ, ಅಂತ. ಅವತ್ತಿನಿಂದ ಸಲ್ಮಾ ಶಾಲೆಯ ಕಡೆ ಮುಖ ಹಾಕಿಲ್ಲ.

“ಸಮಿತಿಯವ್ರಿಗೆ ಹೇಳ್ಬೇಕಿತ್ತು,” ಎಂದರು ಎಸ್‌ಐ.

“ಹೇಳೀನ್ರಿ. ದೊರಿಗೋಳ ಕಾಲದ ಪುಸ್ತಕದಾಗ ಹಂಗ ಐತಿ, ಬದಲಾಯಿಸಾಕ ಬರಂಗಿಲ್ಲ ಅಂದ್ರು.” ಕಮಾಲಸಾಬ ಕೈ ನೋಡಿಕೊಂಡ. “ನನ್ನ ಕೈಲೇ ಕೆತ್ತೀನ್ರಿ ಸಾಹೇಬ್ರ. ನನ್ನ ಮಗಳು ತಲಿ ಎತ್ತಿ ಪಾಠಾ ಮಾಡಾಕ ಹೋಗ್ಬೇಕಲ್ರಿ.”

೩.೧೫ಕ್ಕೆ ದಸ್ತಗಿರಿ. ಠಾಣೆಯಲ್ಲಿ ಅವನು ಬೇಡಿಕೊಂಡದ್ದು ಒಂದೇ: ಏನಾದರೂ ಬರೆದುಕೊಳ್ಳಿ, ಆ ಸಾಲೊಂದು ಬಿಟ್ಟುಬಿಡಿ. ಸುಂಕಪ್ಪ ಎಸ್‌ಐ ಮುಖ ನೋಡಿದ. ಏನು ಅಳಿಸಿದ್ದೆಂದು ಬರೆಯದಿದ್ದರೆ ಕೇಸು ನಿಲ್ಲುವುದಿಲ್ಲ ಎಂದರು ಅವರು, ತಲೆಯೆತ್ತದೆ. ಸುಂಕಪ್ಪ ಆ ಸಾಲನ್ನು ಬರೆದ. ವರದಿಯಲ್ಲಿ, ದಸ್ತಗಿರಿ ಮೆಮೋದಲ್ಲಿ, ಆರೋಪಿಯ ಸ್ವಇಚ್ಛಾ ಹೇಳಿಕೆಯಲ್ಲಿ, ಕಾರ್ಬನ್ ಇಟ್ಟು ಮೂರು ಮೂರು ಪ್ರತಿ. ಕೃತ್ಯದ ಕಾರಣವೆಂಬಲ್ಲಿ, ಮಗಳು ಮತ್ತೆ ಶಾಲೆಗೆ ಹೋಗಲೆಂದು, ಎಂದು ಬರೆದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನಿಗೆ ತನ್ನ ಅಕ್ಷರದ ಮೇಲೇ ಹೇಸಿಗೆ ಹುಟ್ಟಿದ್ದು ಅವತ್ತು.

ಹೇಳಿಕೆಯನ್ನು ಆರೋಪಿಗೆ ಓದಿ ಹೇಳಬೇಕು. ಬಾಗಿಲಲ್ಲಿ ಸಲ್ಮಾ ನಿಂತಿದ್ದಳು. ಆ ಸಾಲು ಬಂದಾಗ ಸುಂಕಪ್ಪ ದನಿ ತಗ್ಗಿಸಿದ.

“ಗಟ್ಟಿಯಾಗಿ ಓದ್ರಿ,” ಎಂದರು ಎಸ್‌ಐ. “ಆರೋಪಿಗೆ ಕೇಳಿಸ್ಬೇಕು.”

ಸುಂಕಪ್ಪ ಗಟ್ಟಿಯಾಗಿ ಓದಿದ. ಓದಿಸಿ ಕೇಳಿದೆ, ಸರಿಯಿದೆ ಎಂಬುದರ ಕೆಳಗೆ ಕಮಾಲಸಾಬ ದುಂಡಗಿನ ಅಕ್ಷರದಲ್ಲಿ ತನ್ನ ಹೆಸರು ಬರೆದ.