ನಡುಗದ ದನಿ

"ಗಾಳಿ ಮುಗಿಯುತ್ತಿದೆ, ಬೇಗ ಮೇಲೆತ್ತಿ" ಎಂದು ಡಾ. ಅಮೃತಾ ನಾಡಕರ್ಣಿ ಹೇಳಿದೊಡನೆ, ಮುಳುಗುಗೂಡಿನ ಹೊರಮೈಗೆ ಅಂಟಿಸಿದ್ದ ಸ್ಪಂದನಪೊರೆ ಕಂಪಿಸಿತು. ಅಂಕೋಲೆಯ ಕಡಲಿನ ನಲವತ್ತು ಮೀಟರ್ ಆಳದಿಂದ ಮಾತು ದೋಣಿಗೆ ಮುಟ್ಟಿತು.

"ಸಾಪ್ ಕೇಳ್ತು ಮೇಡಮ್. ಮುಂದಿನ ವಾಕ್ಯ ಹೇಳಿ" ಎಂದಳು ದೋಣಿಯಲ್ಲಿ ಎತ್ತುವ ಯಂತ್ರ ನಡೆಸುವ ದೇವಕಿ.

ಅಮೃತಾ ಹಣೆ ಚಚ್ಚಿಕೊಂಡಳು. ಅಪಾಯದ ಮಾತುಗಳನ್ನೇ ಪರೀಕ್ಷಾ ವಾಕ್ಯ ಮಾಡಬೇಕೆಂದು ಹಟ ಹಿಡಿದವಳು ಅವಳೇ. ವಾರದಿಂದ ದಿನಕ್ಕೆ ಇಪ್ಪತ್ತು ಸಲ ಓದಿದವಳೂ ಅವಳೇ. ಈಗ ಗೂಡು ಬಂಡೆಗೆ ಬಡಿದು ಗಾಳಿಯ ಸಿಲಿಂಡರ್ ಒಡೆದಿತ್ತು. ಉಳಿದದ್ದು ಅರ್ಧ ತಾಸಿನ ಉಸಿರು. ಗೂಡು ತಾನಾಗಿ ಏಳುವಂಥದ್ದಲ್ಲ, ದೇವಕಿ ಮೇಲಿನಿಂದ ಎಳೆದರಷ್ಟೇ ಉಂಟು.

"ಇದು ಪರೀಕ್ಷೆಯಲ್ಲ, ದೇವಕಿ."

"ಏಳ್ನೇ ವಾಕ್ಯ ಅಲ್ವಾ? ಇದೂ ಸಾಪ್."

ಅಮೃತಾಳ ಪಕ್ಕದಲ್ಲಿ ಕುಳಿತು ಗೂಡು ನಡೆಸುತ್ತಿದ್ದ ಶಾಂಬಾ ದೇವಕಿಯ ತಮ್ಮ. "ಅಕ್ಕಾ, ದೇವ್ರಾಣೆ, ಸಾಯ್ತೇವೆ" ಎಂದು ಅರಚಿದ.

"ಇವತ್ತೂ ಶುರು ಮಾಡಿದ್ಯಾ?" ನಿನ್ನೆಯಷ್ಟೇ ಅವನು ಹೀಗೆ ಹೆದರಿಸಿ ನಕ್ಕಿದ್ದ.

"ಇಷ್ಟು ಅರಚಿದ್ರೂ ಗೊತ್ತಾಗೂದಿಲ್ವಾ ಅವ್ಳಿಗೆ?" ಎಂದು ಶಾಂಬಾ ಅಮೃತಾಳತ್ತ ತಿರುಗಿದ.

"ಆಗುವುದಿಲ್ಲ" ಎಂದಳು ಅಮೃತಾ. ವಿದ್ಯುತ್ ಹರಿದಾಗ ಸ್ನಾಯುವಿನಂತೆ ಹಿಗ್ಗಿ ಕುಗ್ಗುವ ಪಾಲಿಮರ್ ಆ ಸ್ಪಂದನಪೊರೆ. ನಡುಗುವ ದನಿ ನೀರಿನಲ್ಲಿ ಕಲಸಿಹೋಗುತ್ತದೆಂದು, ನಡುಕ ಅಳಿಸಿ ಸಮಾಧಾನದ ಸ್ವರದಲ್ಲಿ ಮಾತು ಸಾಗಿಸಲು ಅವಳೇ ಕಲಿಸಿದ್ದಳು. ಮೇಲಿನಿಂದ ಬರುವ ಮಾತಿಗೂ ಅದೇ ನಿಯಮ. ಅದನ್ನು ಬದಲಿಸುವ ಕಂಪ್ಯೂಟರ್ ದಡದ ಪ್ರಯೋಗಾಲಯದಲ್ಲಿತ್ತು.

"ಭಾರೀ ಒಳ್ಳೆ ಕೆಲ್ಸ ಮಾಡಿದ್ರಿ. ಸಾಯೂವಾಗೂ ವಾರ್ತೆ ಓದ್ದಂಗೆ ಕೇಳ್ತದೆ."

ಅಮೃತಾ ತುಸು ಯೋಚಿಸಿದಳು. "ಇನ್ನು ಮಾತೇ ಬೇಡ ಶಾಂಬಾ. ಮೌನವನ್ನು ಈ ಪೊರೆ ತಿದ್ದಲಾರದು."

ಇಬ್ಬರೂ ಸುಮ್ಮನಾದರು.

"ಮೇಡಮ್, ಎಂಟ್ನೇದು?" ಸ್ವಲ್ಪ ಹೊತ್ತಿಗೆ, "ಶಾಂಬಾ?" ಮತ್ತೆ, "ಶಾಂಬಾ, ಮಾತಾಡೋ." ಎಲ್ಲವೂ ಅಂಗಳದಿಂದ ಊಟಕ್ಕೆ ಕರೆದಷ್ಟೇ ನಿರಾಳ. ಅವನು ಬಾಯಿ ತೆರೆದ. ಅಮೃತಾ ಅಂಗೈಯಿಂದ ಒತ್ತಿ ಮುಚ್ಚಿದಳು. ಎಂಥ ಕ್ರೂರ ಕೆಲಸವಿದು ಎಂದು ಅವಳಿಗೇ ಅಳು ಬಂತು.

ಗೂಡು ಒಮ್ಮೆ ಜಗ್ಗಿ ಮೇಲೇರತೊಡಗಿತು. ಈಗ ಉತ್ತರ ಕೊಟ್ಟರೆ ದೇವಕಿ ತಮಾಷೆಯೆಂದು ನಿಲ್ಲಿಸಿಬಿಟ್ಟಾಳು. ಅಮೃತಾ ಕೈ ತೆಗೆಯಲಿಲ್ಲ. ಶಾಂಬಾ ಕಣ್ಣೀರು ಸುರಿಸುತ್ತ ಅಕ್ಕನ ತಣ್ಣನೆಯ ಕರೆಗಳನ್ನು ಕೇಳುತ್ತ ಕುಳಿತ.

ಮುಚ್ಚಳ ತೆರೆದಾಗ ಬಿಸಿಲು ಕಣ್ಣಿಗೆ ರಾಚಿತು. ದೇವಕಿ ತಮ್ಮನ ಕೆನ್ನೆಗೆ ಬಾರಿಸಿ, ತಬ್ಬಿಕೊಂಡು, ಬೈಯಲು ಬಾಯಿ ತೆರೆದಳು. ದನಿಯೇ ಹೊರಡಲಿಲ್ಲ.

"ಕಾಲು ತಾಸಿಂದ ಒಂದೇ ಸಮ ಕಿರುಚ್ತಾ ಇದ್ದಾಳೆ ಮೇಡಮ್" ಎಂದ ಚುಕ್ಕಾಣಿ ಹಿಡಿದವನು. "ನಿಮ್ಗೆ ಕೇಳ್ಲಿಲ್ವಾ?"