ನಗಲಿಕ್ಕೊಂದು ದಿಂಬು

ದೀಪ್ತಿ ಕಣ್ಣು ಬಿಟ್ಟಾಗ ವಾರ್ಡಿನ ಬಾಗಿಲಲ್ಲಿ ಗಂಡ ಜಯಪ್ರಕಾಶ ನಿಂತಿದ್ದ. ಅವನ ಕಣ್ಣು ಕೆಂಪಾಗಿತ್ತು. ಅವಳು ಕೈ ಚಾಚಿದಳು. ಅವನು ಬಂದು ಹಿಡಿದುಕೊಂಡ... ಆದರೆ ಒಂದೇ ಒಂದು ಮಾತನ್ನೂ ಆಡಲಿಲ್ಲ!

ಜಯಪ್ರಕಾಶ ಮಾತಾಡದೆ ಇರುವುದೆಂದರೇನು? ಸುಳ್ಯದಿಂದ ಕಡಬದವರೆಗೆ ಎಲ್ಲೇ ಕಬಡ್ಡಿ ಪಂದ್ಯವಾದರೂ ವೀಕ್ಷಕ ವಿವರಣೆಗೆ ಮೈಕ್ ಅವನ ಕೈಯಲ್ಲೇ. ಹೆಂಡತಿ ದೋಸೆ ಮಗುಚಿದರೂ ವಿವರಣೆ ಕೊಡುತ್ತಿದ್ದ ಬಾಯಿ ಅದು!

ಗರ್ಭಕೋಶದಲ್ಲಿ ಬೆಳೆಯಬೇಕಾದ ಜೀವ ಅಂಡನಾಳದಲ್ಲಿ ಕೂತಿತ್ತು. ನಾಳ ಒಡೆದು, ಪುತ್ತೂರಿನಲ್ಲಿ ತುರ್ತಾಗಿ ಆಪರೇಷನ್ ಆಯಿತು. ಮಗು ಉಳಿಯುವ ಮಾತೇ ಇರಲಿಲ್ಲ.

ಕಲ್ಲುಗುಂಡಿಯ ಮನೆಗೆ ಬಂದ ಮೇಲೂ ಅವನದು ಅದೇ ಮೌನ. ಗಂಜಿ ತರುತ್ತಾನೆ, ಮಾತ್ರೆ ಕೊಡುತ್ತಾನೆ, ಹೊರಗೆ ಹೋಗುತ್ತಾನೆ. ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು. ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ್ದ ಗ್ಯಾಸಿನಿಂದ ಭುಜವೂ ನೋಯುತ್ತಿತ್ತು. ಅದನ್ನೆಲ್ಲ ತಡೆದುಕೊಳ್ಳಬಹುದು... ಈ ಮೌನವನ್ನು ಹೇಗೆ ತಡೆಯುವುದು?

‘ಇನ್ನು ನಾನು ಇವರಿಗೆ ಬೇಡವಾದೆನಾ?’

ಮೂರನೆಯ ಬೆಳಿಗ್ಗೆ, ಗಂಜಿ ಇಟ್ಟು ಹೊರಟವನ ಅಂಗಿ ಹಿಡಿದಳು.

“ನನ್ನ ಹತ್ರ ಎಂತಕ್ಕೆ ಮಾತಾಡುದಿಲ್ಲ ನೀವು? ಮಗು ಹೋಯ್ತು ಅಂತ ಕೋಪ ಉಂಟಾ?”

ಅವನು ಬೆಚ್ಚಿಬಿದ್ದ.

“ಅಯ್ಯೋ, ಎಂತ ಹೇಳ್ತಿ ಮಾರಾಯ್ತಿ! ಸಂಕಟ ನನಗೂ ಉಂಟು. ಅದರಲ್ಲಿ ನಿನ್ನದೆಂತ ತಪ್ಪು? ಮೊದಲು ಸಂಕಟಕ್ಕೆ ಮಾತೇ ಹೊರಡ್ಲಿಲ್ಲ. ಆಮೇಲೆ ಆಸ್ಪತ್ರೆಯಿಂದ ಹೊರಡುವಾಗ ನರ್ಸ್ ಆಫ್ರಾ ಹೇಳಿದ್ದಲ್ವಾ, ನಕ್ಕರೆ ಹೊಲಿಗೆ ನೋಯ್ತದೆ ಅಂತ... ನಾನು ಬಾಯಿ ತೆಗೆದ್ರೆ ನೀನು ನಗದೆ ಇರ್ತೀಯಾ? ಅದಕ್ಕೇ...”

“ಅದಾದ ಮೇಲೆ ಅವರು ಹೇಳಿದ್ದು ಕೇಳ್ಲಿಲ್ವಾ? ನಗುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡೀಬೇಕು ಅಂತ!”

“ಅಷ್ಟರಲ್ಲಿ ನಾನು ಮದ್ದು ತರ್ಲಿಕ್ಕೆ ಓಡಿದ್ದೆ...”

ಅರ್ಧ ಮಾತು ಕೇಳಿ ಪೂರ್ತಿ ಬಾಯಿ ಮುಚ್ಚಿಕೊಂಡ ಗಂಡ! ದೀಪ್ತಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಮೆಲ್ಲಗೆ ಎದ್ದಳು.

“ಡಾಕ್ಟ್ರು ನಡೀಬೇಕು ಹೇಳಿದ್ದಾರೆ. ಜಗಲಿವರೆಗೆ ಹೋಗಿ ಬರ್ತೇನೆ. ಮೈಕ್ ಹಿಡೀರಿ!”

ಅವನು ಗಂಜಿಯ ಚಮಚ ಎತ್ತಿ ಬಾಯಿಗೆ ಹಿಡಿದ.

“ಪ್ರೇಕ್ಷಕರೇ! ಕಲ್ಲುಗುಂಡಿಯ ಹೆಮ್ಮೆಯ ಆಟಗಾರ್ತಿ ದೀಪ್ತಿ ರೈಡಿಗೆ ಹೊರಟಿದ್ದಾರೆ! ಎದುರಿಗೆ ಬಲಿಷ್ಠ ಡಿಫೆಂಡರ್, ಅತ್ತೆ ಸೇವಂತಿಯವರು!”

“ಎಂತದಾ ನಿಂದು ಗಲಾಟೆ?” ಅಡುಗೆಮನೆಯಿಂದ ಬಂದ ಅತ್ತೆ ಸೊಸೆಯನ್ನು ಕಂಡು ನಗುತ್ತಾ ದಾರಿ ಬಿಟ್ಟರು.

“ಡಿಫೆಂಡರ್ ಔಟ್!”

“ಅಮ್ಮಾ... ನೋವು!” ದೀಪ್ತಿ ದಿಂಬು ಒತ್ತಿಕೊಂಡು ನಕ್ಕಳು. “ನಿಲ್ಲಿಸ್ಬೇಡಿ, ಹೇಳಿ!”

ಜಗಲಿಯ ಕಂಬ ಮುಟ್ಟಿ ಒಂದೊಂದೇ ಹೆಜ್ಜೆ ಇಡುತ್ತಾ ವಾಪಸ್ ಬಂದಳು. ಅವಳು ಎದುರಿಗೆ ಬಂದು ನಿಂತಾಗ ವಿವರಣೆ ತಟ್ಟನೆ ನಿಂತಿತು. ಅವನು ಚಮಚ ಕೆಳಗಿಟ್ಟ.

“ಎಷ್ಟು ಪಾಯಿಂಟು, ಹೇಳಿ?”

“ಆ ದಿನ ಆಪರೇಷನ್ ಕೋಣೆಯ ಹೊರಗೆ ನಾನು ಬೇಡಿದ್ದು ಒಂದೇ ದೀಪ್ತಿ... ನೀನು ವಾಪಸ್ ಬರ್ಬೇಕು ಅಂತ. ನೀನು ಬಂದೆ. ಮ್ಯಾಚ್ ನಾನು ಅಲ್ಲೇ ಗೆದ್ದೆ.”

ಅವಳು ಅವನ ಎದೆಗೆ ಒರಗಿದಳು.

“ದಿಂಬು ಮಧ್ಯೆ ಉಂಟಲ್ಲ!” ಎಂದ.

“ಇರ್ಲಿ. ನೀವು ಮಾತಾಡ್ತಾ ಇರಿ... ನನಗಿನ್ನೂ ನಗ್ಲಿಕ್ಕೆ ಉಂಟು.”