ಸಿಗ್ರಿ ಬಿತ್ತಿದ ಕಾಫಿ

“ಹುರಿದ ಬೀಜಾನ ಬಿತ್ತಿದ್ಯಾ?” ಹೈರಮ್ ಹೊಟ್ಟೆ ಹಿಡಿದುಕೊಂಡು ನಕ್ಕ. “ನಾಳೆ ಬೇಯಿಸಿದ ಮೊಟ್ಟೆ ಮೇಲೆ ಕೋಳೀನ ಕಾವಿಗೆ ಕೂರಿಸ್ತೀಯೇನೆ?”

ಸ್ಕೂಲಿನ ಹಿಂದೆ ದಿಮ್ಮಿಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದ ಮಕ್ಕಳೆಲ್ಲ ನಕ್ಕರು. ಸಿಗ್ರಿ ರೊಟ್ಟಿ ಕೆಳಗಿಟ್ಟಳು.

“ಕಾಫಿ ಬೀಜ ಇರೋದೇ ಕಪ್ಪಗೆ ಅಲ್ವಾ?”

“ಅಯ್ಯೋ ಪೆದ್ದಿ! ಹುರಿದಿದ್ದಕ್ಕೆ ಕಪ್ಪು. ಬೇಕಾದ್ರೆ ಟೀಚರ್‌ನ ಕೇಳು.”

ಟೀಚರ್ ನಗಲಿಲ್ಲ. ಗೋಡೆಯ ಮೇಲಿನ ಮ್ಯಾಪಿನಲ್ಲಿ ಬ್ರೆಜಿಲ್ ತೋರಿಸಿದರು. “ಹಿಮ ಬೀಳದ ಕಡೆ ಮಾತ್ರ ಕಾಫಿ ಬೆಳೆಯೋದು ಕಣಮ್ಮ. ನಮ್ಮ ಅಯೋವಾದಲ್ಲಿ ಆಗಲ್ಲ. ಅದರಲ್ಲೂ, ಹುರಿದ ಮೇಲೆ ಯಾವ ಬೀಜ ಮೊಳೆಯುತ್ತೆ ಹೇಳು?”

ಸಿಗ್ರಿ ಮನಸ್ಸಿನಲ್ಲೇ ದಿನ ಎಣಿಸಿದಳು. ನಾಳೆಯೇ ನಡುಬೇಸಿಗೆಯ ಸಂತ ಹಾನ್ಸ್ ಹಬ್ಬ. ನಾಳೆಯೇ ಅಜ್ಜಿ ಆ ಕಾಫಿ ಚೀಲ ಬಿಚ್ಚುವುದು!

ಅಪ್ಪ ಯುದ್ಧಕ್ಕೆ ಹೊರಟಾಗ ಸಿಗ್ರಿಗೆ ಆರು ವರ್ಷ. ಉತ್ತರದ ರಾಜ್ಯಗಳೂ ದಕ್ಷಿಣದ ರಾಜ್ಯಗಳೂ ನಾಲ್ಕು ವರ್ಷ ಬಡಿದಾಡಿದವು. ಅಷ್ಟು ದಿನವೂ ಹೊಲ ಉತ್ತದ್ದು, ಬಿತ್ತಿದ್ದು, ಕೊಯ್ದದ್ದು ಅಮ್ಮ. ಅವಳ ಬೆನ್ನ ಹಿಂದೆಯೇ ಸಿಗ್ರಿ. ಒಂದು ವರ್ಷ ಕಳೆಯುವಷ್ಟರಲ್ಲಿ ಅಂಗಡಿಯ ಕಾಫಿ ಬಡವರ ಕೈಗೆ ಎಟುಕದಷ್ಟು ತುಟ್ಟಿಯಾಯಿತು. ನಾರ್ವೆಯಿಂದ ಬರುವಾಗ ಹಡಗಿನಲ್ಲೂ ಕಾಫಿ ಬಿಡದಿದ್ದ ಅಜ್ಜಿ, ಗೋಧಿಯನ್ನು ಕಪ್ಪಗೆ ಹುರಿದು ಕುದಿಸಿ, ಮೂಗು ಮುರಿಯುತ್ತಾ ಕುಡಿದಳು.

ಯುದ್ಧ ಮುಗಿದು ಅಪ್ಪ ಮನೆಗೆ ಬಂದು ಹತ್ತು ದಿನವಾಗಿತ್ತು. ಸೈನ್ಯದಲ್ಲಿ ತನ್ನ ಪಾಲಿಗೆ ಕೊಟ್ಟ ಕಾಫಿಯಲ್ಲಿ ಚೂರುಚೂರೇ ಉಳಿಸಿ, ಒಂದು ಪುಟ್ಟ ಚೀಲ ತುಂಬಿಸಿ ತಂದಿದ್ದ. ಅಜ್ಜಿ ಅದನ್ನು ಮೂಸಿ ನೋಡಿ ಅತ್ತಳು. ಆಮೇಲೆ ಪೆಟ್ಟಿಗೆಯಲ್ಲಿಟ್ಟು, “ಹಬ್ಬದ ತನಕ ಯಾರೂ ಮುಟ್ಟಕೂಡದು” ಅಂದಳು.

ಸಿಗ್ರಿ ಮುಟ್ಟಿದ್ದಳು; ವಾರದ ಹಿಂದೆಯೇ ಒಂದು ಪಾಲು ತೆಗೆದು ಬಿತ್ತಿದ್ದಳು. ‘ಅರ್ಧ ಹೊಟ್ಟೆಗೆ, ಅರ್ಧ ಮಣ್ಣಿಗೆ’ ಎಂದು ಅಮ್ಮ ಪ್ರತಿ ಸುಗ್ಗಿಯಲ್ಲೂ ಹೇಳುತ್ತಿದ್ದಳಲ್ಲ? ಹಸಿವಿದ್ದರೂ ಬಿತ್ತನೆಯ ಬೀಜಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಪಾಪ, ಖುಷಿಯಲ್ಲಿ ಅಜ್ಜಿಗೆ ಅದು ಮರೆತಿರಬೇಕು. ಒಂದು ಸಾಲು ಬಿತ್ತಿದರೆ ಅಜ್ಜಿ ಇನ್ನೆಂದೂ ಸುಟ್ಟ ಗೋಧಿ ಕುಡಿಯಬೇಕಾಗಿಲ್ಲ!

ಸಂಜೆ ಸ್ಕೂಲಿನಿಂದ ಓಡಿ ಬಂದವಳೇ ಸಿಗ್ರಿ ಆಲೂಗಡ್ಡೆ ಪಾತಿಯ ಪಕ್ಕ ಕುಳಿತು ಮಣ್ಣು ಕೆದಕತೊಡಗಿದಳು. ಬೀಜಗಳು ನೆನೆದು ಉಬ್ಬಿದ್ದವು. ಒಂದಾದರೂ ಮೊಳಕೆ ಒಡೆದಿರಲಿಲ್ಲ.

“ಏನು ಕಳ್ಕೊಂಡೆ?”

ಅಪ್ಪ! ಸಿಗ್ರಿ ಥಟ್ಟನೆ ಎದ್ದು ನಿಂತಳು. ಗಡ್ಡದ ಈ ಮನುಷ್ಯನ ಜೊತೆ ಅವಳಿಗೆ ಇನ್ನೂ ಮಾತು ಸಲೀಸಾಗಿರಲಿಲ್ಲ. ಮಾತಿಗಿಂತ ಮೊದಲು ಅಳು ಬಂತು. ಅಳುತ್ತಲೇ ಎಲ್ಲ ಹೇಳಿದಳು.

ಅಪ್ಪ ಸಾಲಿನುದ್ದಕ್ಕೂ ಕಣ್ಣಾಡಿಸಿದ. “ಎಷ್ಟು ಆಳಕ್ಕೆ ಹಾಕಿದ್ದೀಯ?”

“ಎರಡು ಬೆರಳು.”

“ನಡುವೆ?”

“ಒಂದು ಗೇಣು.”

“ಹಗ್ಗ ಹಿಡಿದು ಎಳೆದಂಗಿದೆ ಸಾಲು. ಯಾರು ಹೇಳಿಕೊಟ್ರು?”

“ಅಮ್ಮ. ನೀವು ಇರಲಿಲ್ಲವಲ್ಲ.”

ಅಪ್ಪ ಯುದ್ಧದಲ್ಲಿ ಗಾಯವಾಗಿದ್ದ ಕಾಲನ್ನು ಒಂದು ಕಡೆ ಚಾಚಿ, ಕಷ್ಟಪಟ್ಟು ನೆಲದಲ್ಲಿ ಕುಳಿತ. “ನೀನು ಆ ತುದಿಯಿಂದ ಹೆಕ್ಕುತ್ತಾ ಬಾ, ನಾನು ಈ ತುದಿಯಿಂದ ಬರ್ತೀನಿ.”

ಇಬ್ಬರೂ ನಡುವಿಗೆ ಬಂದು ಸೇರುವ ಹೊತ್ತಿಗೆ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನ್ರೋ ಅದು, ಅಪ್ಪ ಮಗಳು ಮಣ್ಣಾಡ್ತಿದ್ದೀರಿ?”

ಸಿಗ್ರಿ ಹೆದರುತ್ತಾ ಏಪ್ರನ್ನಿನ ಮಡಿಲಲ್ಲಿ ಹೆಕ್ಕಿಟ್ಟ ಬೀಜ ತೋರಿಸಿದಳು. ಅಜ್ಜಿ ಒಂದು ಬೀಜ ಎತ್ತಿ ಒರೆಸಿದಳು, ಮೂಸಿದಳು. ಕತೆ ಕೇಳಿದಳು.

“ಅಜ್ಜಿ, ಬಯ್ಯಲ್ವಾ?”

“ಬಯ್ಯದೆ? ನಾಳೆ ಬಯ್ತೀನಿ. ಈಗ ತೊಳಿ, ಮತ್ತೆ ಹುರಿಯೋಣ. ಮೂರು ವರ್ಷ ಸುಟ್ಟ ಗೋಧಿ ಕುಡಿದೋಳಿಗೆ ಚೂರು ಮಣ್ಣು ಏನು ಮಹಾ! ಅದೂ ನಮ್ಮ ಹೊಲದ್ದೇ ಮಣ್ಣು.” ಆಮೇಲೆ ಮಗನ ಕಡೆ ತಿರುಗಿದಳು. “ನೀನೂ ಚಿಕ್ಕವನಿದ್ದಾಗ ಉಪ್ಪು ಬಿತ್ತಿದ್ದೆ ಕಣೋ ಹಾಲ್ವೋರ್.”

ಅಪ್ಪ ನಕ್ಕುಬಿಟ್ಟ. ಭುಜ ಕುಣಿಯುವಂಥ ದೊಡ್ಡ ನಗು. ಅಡುಗೆಮನೆಯ ಕಿಟಕಿಯಿಂದ ಅಮ್ಮ ಇಣುಕಿ ನೋಡಿ, ಅಲ್ಲೇ ನಿಂತುಬಿಟ್ಟಳು.

ಹಬ್ಬದ ಬೆಳಗ್ಗೆ ಮನೆಯೆಲ್ಲ ಘಮಘಮ. ಅಜ್ಜಿ ಕಣ್ಣು ಮುಚ್ಚಿ ಒಂದೊಂದೇ ಗುಟುಕು ಕುಡಿದಳು. ಸಿಗ್ರಿಗೂ ಒಂದು ಗುಟುಕು ಸಿಕ್ಕಿತು. ಥೂ, ಕಹಿ! ಇದಕ್ಕಾ ಅಜ್ಜಿ ಇಷ್ಟು ವರ್ಷ ಕಾದದ್ದು? ಆದರೂ ಮುಖ ಕಿವುಚದೆ ನುಂಗಿದಳು.

ಅಪ್ಪ ಲೋಟ ಕೆಳಗಿಟ್ಟ. “ಸಿಗ್ರಿ, ಆ ಸಾಲು ಖಾಲಿ ಬಿದ್ದಿದೆಯಲ್ಲ, ಏನು ಹಾಕೋಣ?”

ಕೇಳಿದ್ದು ಅಮ್ಮನನ್ನಲ್ಲ, ಅವಳನ್ನು. ಸಿಗ್ರಿ ದೊಡ್ಡವರ ಹಾಗೆ ಸ್ವಲ್ಪ ಯೋಚಿಸಿದಳು.

“ಟರ್ನಿಪ್. ಈಗ ಹಾಕಿದ್ರೆ ಹಿಮ ಬೀಳೋದ್ರೊಳಗೆ ಗಡ್ಡೆ ಕಟ್ಟುತ್ತೆ. ನೀನು ಸಾಲು ಹೊಡಿ ಅಪ್ಪಾ, ನಾನು ಬೀಜ ಹಾಕ್ತೀನಿ.”

‘ನೀವು’ ಅನ್ನದೆ ‘ನೀನು’ ಅಂದುಬಿಟ್ಟೆನಲ್ಲ ಎಂದು ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಅಪ್ಪನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಆಗಲೇ ಎದ್ದು ಬೂಟು ಹುಡುಕುತ್ತಿದ್ದ.